ಬಂದರಿನ ಮಾಡುಗಳು: ಮುಳಿಹುಲ್ಲಿನಿಂದ ಮಂಗಳೂರು ಹಂಚಿಗೆ

ಊರೊಂದರ ಚರಿತ್ರೆಯನ್ನು ಬರೆಯಹೊರಟವರು ಅರಸರ ಆಳ್ವಿಕೆಯನ್ನು, ಯುದ್ಧ-ಒಪ್ಪಂದಗಳನ್ನು, ದೊಡ್ಡ ಕಟ್ಟಡಗಳಿಗೆ ಅಸ್ತಿಭಾರವಿಟ್ಟ ದಿನಗಳನ್ನು ಮೊದಲು ನೆನೆಯುವುದು ವಾಡಿಕೆ. ಜನರ ತಲೆಯ ಮೇಲೆ ಹಗಲಿರುಳು ನಿಂತು ಅವರನ್ನು ಕಾಯ್ದ ಛಾವಣಿಯ ಕಡೆಗೆ ಅವರ ದೃಷ್ಟಿ ಹರಿಯುವುದು ವಿರಳ. ಮಂಗಳೂರಿನ ಮಟ್ಟಿಗೆ ಇದು ಕೊರತೆಯೇ ಸರಿ. ಏಕೆಂದರೆ ಈ ಊರಿನ ಹೆಸರನ್ನು ಸಮುದ್ರದಾಚೆಯ ನಾಡುಗಳಿಗೆ ಕೊಂಡೊಯ್ದ ವಸ್ತುಗಳಲ್ಲಿ ಮುಖ್ಯವಾದುದು ಮಣ್ಣಿನ ಒಂದು ಹಂಚು. ಆ ಹಂಚು ಹಡಗನ್ನೇರಿದ್ದು ನಮ್ಮ ಬಂದರಿನಿಂದ. ಶತಮಾನೋತ್ಸವದ ಈ ಸಂಚಿಕೆಯಲ್ಲಿ ನಮ್ಮ ಹಿರಿಯರು ಎಂತಹ ಛಾವಣಿಯ ಕೆಳಗೆ ಬಾಳಿದರು, ಅದನ್ನು ಯಾವ ರೀತಿ ಕಾಪಾಡಿಕೊಂಡರು, ಆ ಪಾಲನೆಯ ಹೊಣೆ ಇಂದು ಯಾರ ಕೈಯಲ್ಲಿದೆ ಎಂಬುದನ್ನು ವಾಚಕರ ಮುಂದಿಡುವುದು ಉಚಿತವೆಂದು ಭಾವಿಸಿದ್ದೇನೆ.

ನಮ್ಮ ಕರಾವಳಿಯ ಮಾತಿನಲ್ಲಿ ಛಾವಣಿಗೆ 'ಮಾಡು' ಎಂದು ಹೆಸರು. ಮನೆ ಕಟ್ಟಿಸುವವನನ್ನು ಹಿರಿಯರು ಕೇಳುತ್ತಿದ್ದ ಮೊದಲ ಪ್ರಶ್ನೆ, ಗೋಡೆ ಎಷ್ಟು ಎತ್ತರ ಎಂಬುದಾಗಿರಲಿಲ್ಲ. ಮಾಡು ಯಾವುದರದ್ದು ಎಂಬುದಾಗಿತ್ತು. ಈ ಪ್ರಶ್ನೆಯ ಹಿಂದೆ ನಮ್ಮ ಹವೆಯ ಅನುಭವವೆಲ್ಲ ಅಡಗಿದೆ.

ಹವೆಯ ಉಗ್ರತೆ

ಮಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್ ತಿಂಗಳಿನಿಂದ ಸೆಪ್ಟೆಂಬರಿನವರೆಗಿನ ನಾಲ್ಕು ತಿಂಗಳಲ್ಲೇ ಸುರಿದು ಮುಗಿಯುತ್ತದೆ. ಬರಿಯ ಮಳೆಯಾದರೆ ಸಹಿಸಬಹುದಿತ್ತು. ನೈಋತ್ಯ ದಿಕ್ಕಿನಿಂದ ಬೀಸುವ ಕಡಲ ಗಾಳಿ ಹನಿಗಳನ್ನು ನೆಟ್ಟಗೆ ಬೀಳಗೊಡದೆ ಓರೆಯಾಗಿ ಗೋಡೆಗೆ ಅಪ್ಪಳಿಸುತ್ತದೆ, ಹಂಚಿನ ಸಂದುಗಳಲ್ಲಿ ಮೇಲ್ಮುಖವಾಗಿ ನುಗ್ಗಿಸುತ್ತದೆ. ಈ ಎರಚಲು ನಮ್ಮ ಮನೆಗಳ ದೊಡ್ಡ ಶತ್ರು. ಬೇಸಿಗೆಯ ಸುಡುಬಿಸಿಲು ಮರವನ್ನು ಒಣಗಿಸಿ ಸೀಳಿದರೆ, ಮಳೆಗಾಲದ ತೇವ ಅದೇ ಮರವನ್ನು ಉಬ್ಬಿಸುತ್ತದೆ. ಕಡಲ ಗಾಳಿಯ ಉಪ್ಪು ಕಬ್ಬಿಣವನ್ನು ತಿನ್ನುತ್ತದೆ. ಇವೆಲ್ಲದರ ಜೊತೆಗೆ ಗೆದ್ದಲು, ಕುಟ್ಟೆ ಹುಳಗಳ ಉಪದ್ರವ ಬೇರೆ.

ನಮ್ಮ ಗೋಡೆಗಳು ಮುರಕಲ್ಲಿನವು. ನೆಲದಿಂದ ಕಡಿಯುವಾಗ ಮೆದುವಾಗಿದ್ದು ಗಾಳಿಗೆ ಒಡ್ಡಿದಂತೆಲ್ಲ ಗಟ್ಟಿಯಾಗುವ ಈ ಕೆಂಪುಕಲ್ಲು ಒಳ್ಳೆಯ ವಸ್ತುವೇ ಹೌದು. ಆದರೆ ಅದನ್ನು ಕೂಡಿಸಿದ ಮಣ್ಣು ಅಥವಾ ಸುಣ್ಣ ವರ್ಷವರ್ಷವೂ ನೆನೆದರೆ ಗೋಡೆ ನಿಲ್ಲಲಾರದು. ಆದುದರಿಂದಲೇ ಈ ಕರಾವಳಿಯ ಮಾಡು ಗೋಡೆಯಿಂದ ಬಹಳಷ್ಟು ಹೊರಚಾಚಿ ಕೆಳಗಿಳಿದು ಬರುತ್ತದೆ. ಗೋಡೆ ಮಾಡನ್ನು ಹೊರುತ್ತದೆ, ಮಾಡು ಗೋಡೆಯನ್ನು ಕಾಯುತ್ತದೆ. ಒಂದರ ನಾಶ ಮತ್ತೊಂದರ ನಾಶಕ್ಕೆ ನಾಂದಿ.

ಈ ಪಾಠ ಬಹು ಹಿಂದಿನದು. ಮೂಡುಬಿದಿರೆಯಲ್ಲಿ 1430ರಲ್ಲಿ ಕಟ್ಟಲಾದ ಸಾವಿರ ಕಂಬದ ಬಸದಿಯನ್ನು ನೋಡಿದವರು, ಕಲ್ಲಿನ ಕಟ್ಟಡಕ್ಕೂ ಇಳಿಜಾರಾದ ಮಾಡನ್ನು ಅಂತಸ್ತು ಅಂತಸ್ತಾಗಿ ಹೊದಿಸಿರುವುದನ್ನು ಗಮನಿಸಿರಬಹುದು. ಭಟ್ಕಳದ ಹಳೆಯ ದೇವಾಲಯಗಳಲ್ಲಿ ಕಲ್ಲಿನ ಚಪ್ಪಡಿಗಳನ್ನೇ ಓರೆಯಾಗಿ ಹಾಸಿ, ಎರಡು ಚಪ್ಪಡಿಗಳ ಸಂದಿನ ಮೇಲೆ ಕಲ್ಲಿನ ಪಟ್ಟಿಯನ್ನು ಕೂರಿಸಲಾಗಿದೆ. ಘಟ್ಟದ ಮೇಲಿನ ಸೀಮೆಯಲ್ಲಿ ಸಮತಟ್ಟಾದ ಮಣ್ಣಿನ ಮಾಳಿಗೆ ನಡೆದೀತು. ಘಟ್ಟದ ಕೆಳಗೆ ಬಸದಿಯೇ ಆಗಲಿ, ದೇವಸ್ಥಾನವೇ ಆಗಲಿ, ಮಸೀದಿಯೇ ಆಗಲಿ, ಇಗರ್ಜಿಯೇ ಆಗಲಿ, ಮಳೆಗೆ ತಲೆಬಾಗಿ ಇಳಿಜಾರನ್ನು ಒಪ್ಪಿಕೊಳ್ಳಲೇಬೇಕಾಯಿತು.

ಹುಲ್ಲು ಮತ್ತು ಮಡಲಿನ ಕಾಲ

ಬಡವರಿಗೂ ಮಧ್ಯಮ ಸ್ಥಿತಿಯವರಿಗೂ ಮಾಡೆಂದರೆ ಮುಳಿಹುಲ್ಲು ಅಥವಾ ತೆಂಗಿನ ಮಡಲು. ಒಳನಾಡಿನ ಗುಡ್ಡಗಳಲ್ಲಿ ಮಳೆಗಾಲ ಕಳೆದ ಮೇಲೆ ಬೆಳೆದು ಒಣಗುವ ಮುಳಿಯನ್ನು ಕೊಯ್ದು ಕಟ್ಟು ಕಟ್ಟಿ ಇಡುತ್ತಿದ್ದರು. ಕಡಲ ಬದಿಯ ಬಂದರು, ಬೋಳಾರ, ಕುದ್ರೋಳಿಗಳಲ್ಲಿ ಹುಲ್ಲಿಗಿಂತ ಮಡಲು ಸುಲಭ. ಮಡಲನ್ನು ನಡುವೆ ಸೀಳಿ, ನೀರಿನಲ್ಲಿ ನೆನೆಹಾಕಿ, ಹೆಣೆದು, ಒಣಗಿಸಿ ಮಾಡಿಗೆ ಹೊದಿಸುತ್ತಿದ್ದರು. ಹೆಣಿಗೆಯ ಕೆಲಸ ಹೆಚ್ಚಾಗಿ ಹೆಂಗಸರದು. ಮೇಲೇರಿ ಕಟ್ಟುವುದು ಗಂಡಸರದು. 1784ರಲ್ಲಿ ಸೆರೆಯಾಗಿ ಒಯ್ಯಲ್ಪಟ್ಟು, 1799ರಲ್ಲಿ ಶ್ರೀರಂಗಪಟ್ಟಣದ ಪತನವಾದ ಬಳಿಕ ಮರಳಿ ಬಂದ ನಮ್ಮ ಪೂರ್ವಜರು ಮನೆಮಠಗಳನ್ನು ಮತ್ತೆ ಕಟ್ಟತೊಡಗಿದಾಗ ಸಾಮಾನ್ಯರ ಕೈಗೆಟಕುತ್ತಿದ್ದ ಮಾಡು ಇದೇ ಆಗಿತ್ತು.

ಈ ಮಾಡಿಗೆ ತಂಪೆಂಬ ಗುಣವಿತ್ತು. ಆಯುಷ್ಯ ಮಾತ್ರ ಬಹಳ ಕಡಮೆ. ಮಡಲಿನ ಹೊದಿಕೆಯನ್ನು ವರ್ಷಕ್ಕೊಮ್ಮೆ ಬದಲಾಯಿಸಲೇಬೇಕು. ಮುಳಿಹುಲ್ಲು ಇನ್ನೂ ಸ್ವಲ್ಪ ಕಾಲ ಬಾಳೀತು. ಬೆಂಕಿಯ ಭಯವಂತೂ ಸದಾ ಬೆನ್ನಿಗೇ ಇತ್ತು. ಸಾಲುಸಾಲಾಗಿ ಅಂಟಿಕೊಂಡಿದ್ದ ಪೇಟೆಯ ಮನೆಗಳಲ್ಲಿ ಒಂದು ಒಲೆಯ ಕಿಡಿ ಇಡೀ ಕೇರಿಯನ್ನು ಸುಡಬಲ್ಲುದಾಗಿತ್ತು.

ಹಾಗಿದ್ದರೂ ಅಂದಿನ ವ್ಯವಸ್ಥೆಯಲ್ಲಿ ಒಂದು ಅಂಶವನ್ನು ನಾವು ಮರೆಯಲಾಗದು. ಮಾಡು ಹೊದಿಸುವ ಕೆಲಸವನ್ನು ಯಾವ ಮನೆಯವನೂ ಒಬ್ಬನೇ ಮಾಡುತ್ತಿರಲಿಲ್ಲ. ಇಂದು ನನ್ನ ಮಾಡಿಗೆ ನೀನು ಬಂದರೆ ನಾಳೆ ನಿನ್ನ ಮಾಡಿಗೆ ನಾನು ಎಂಬ ಮುಯ್ಯಾಳಿನ ಪದ್ಧತಿ ಆಗ ಇತ್ತು. ಮನೆಯ ಯಜಮಾನ ಗಂಜಿಯೂಟವನ್ನೋ ಹಬ್ಬದೂಟವನ್ನೋ ತನ್ನ ಶಕ್ತ್ಯನುಸಾರ ಬಡಿಸುತ್ತಿದ್ದ. ವಿಧವೆಯರ ಮನೆಗೂ ಮುದುಕರ ಮನೆಗೂ ಸರದಿಯಲ್ಲಿ ಪಾಲಿತ್ತು. ಬೇಶ ತಿಂಗಳ ಹತ್ತನೆಯ ದಿನ, ಎಂದರೆ ಮೇ 24 ಅಥವಾ 25ರ ಸುಮಾರಿಗೆ ಬರುವ ಪತ್ತನಾಜೆ ತುಳುನಾಡಿಗೆ ಕಾಲದ ಒಂದು ಗಡಿಗಲ್ಲು. ಅಂದಿಗೆ ಯಕ್ಷಗಾನ ಮೇಳಗಳು ತಿರುಗಾಟ ನಿಲ್ಲಿಸುತ್ತವೆ, ಕೋಲ ನೇಮಗಳು ಮುಗಿಯುತ್ತವೆ. ಮಾಡಿನ ಕೆಲಸವೂ ಅಷ್ಟರೊಳಗೆ ಮುಗಿದಿರಬೇಕೆಂಬುದು ಮತಭೇದವಿಲ್ಲದೆ ಎಲ್ಲರೂ ಒಪ್ಪಿದ ಮಾತಾಗಿತ್ತು.

ಹುಲ್ಲಿಗೂ ಇಂದಿನ ಹಂಚಿಗೂ ನಡುವೆ ನಾಡಹಂಚೆಂಬುದೊಂದಿತ್ತು. ಊರ ಕುಂಬಾರರು ಕೈಯಿಂದ ಮಾಡಿ ಸುಡುತ್ತಿದ್ದ ಆ ಚಿಕ್ಕ ಹಂಚುಗಳನ್ನು ಒಂದರ ಮೇಲೊಂದು ಪದರ ಪದರವಾಗಿ ಹೊದಿಸಬೇಕು. ಒಂದನ್ನೊಂದು ಹಿಡಿದುಕೊಳ್ಳುವ ಬಂಧ ಅವುಗಳಿಗಿಲ್ಲ. ಬೆಕ್ಕು ಓಡಿದರೂ ಕಾಗೆ ಕೆದಕಿದರೂ ಸರಿಯುತ್ತಿದ್ದುವು. ಹುಲ್ಲಿನ ಚಾಕರಿ ತಪ್ಪಿದರೂ ಹಂಚಿನ ಚಾಕರಿ ತಪ್ಪಲಿಲ್ಲ.

ಜೆಪ್ಪುವಿನ ಕಾರ್ಖಾನೆ

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ ಸಂಸ್ಥೆಯವರು ಶಾಲೆ, ಮುದ್ರಣಾಲಯ, ನೇಯ್ಗೆಗಳೊಂದಿಗೆ ಹಂಚಿನ ಉದ್ಯಮವನ್ನೂ ಇಲ್ಲಿ ನೆಲೆಗೊಳಿಸಿದರು. ಹೊಸ ಮತವನ್ನು ಸ್ವೀಕರಿಸಿದ ಕಾರಣ ಮನೆತನ, ಜಾತಿ, ಜೀವನೋಪಾಯಗಳನ್ನು ಕಳೆದುಕೊಂಡವರಿಗೆ ದುಡಿಮೆಯ ದಾರಿ ತೋರಿಸಬೇಕಾದ ಅನಿವಾರ್ಯತೆ ಅವರ ಮುಂದಿತ್ತು. ನಾವು ಕಥೋಲಿಕರಾದರೂ, ಆ ಪ್ರೊಟೆಸ್ಟಂಟ್ ಬಾಂಧವರು ಈ ಊರಿಗೆ ಸಲ್ಲಿಸಿದ ಸೇವೆಯನ್ನು ಕೃತಜ್ಞತೆಯಿಂದ ನೆನೆಯಬೇಕು.

ಮುದ್ರಣಾಲಯದ ಕೆಲಸಕ್ಕಾಗಿ ಬಂದಿದ್ದ ಜಾರ್ಜ್ ಪ್ಲೆಬ್ಸ್ಟ್ ಎಂಬ ಯಂತ್ರಕುಶಲಿ, ನೇತ್ರಾವತಿಯ ದಂಡೆಯ ಜೇಡಿಮಣ್ಣು ಹಂಚಿಗೆ ಯೋಗ್ಯವೆಂಬುದನ್ನು ಕಂಡುಕೊಂಡರು. ಸ್ವದೇಶಕ್ಕೆ ಹೋದಾಗ ಕುಂಬಾರಿಕೆಯ ವಿದ್ಯೆಯನ್ನು ಅಭ್ಯಸಿಸಿ ಮರಳಿದರು. 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಆರಂಭವಾಯಿತು. ಆರಂಭದ ದಿನಗಳಲ್ಲಿ ಮಣ್ಣನ್ನು ಹದಗೊಳಿಸುವ ಯಂತ್ರವನ್ನು ತಿರುಗಿಸುತ್ತಿದ್ದುದು ಎತ್ತುಗಳು. ಉಗಿಯಂತ್ರ ಬಂದದ್ದು ಆಮೇಲೆ.

ಹಂಚಿನ ರೂಪ ಮಾತ್ರ ಇಲ್ಲಿ ಹುಟ್ಟಿದ್ದಲ್ಲ. ಫ್ರಾನ್ಸಿನ ಅಲ್ಸಾಸ್ ಸೀಮೆಯ ಆಲ್ಟ್‌ಕಿರ್ಖ್ ಎಂಬಲ್ಲಿ ಗಿಲಾರ್ಡೋನಿ ಸೋದರರು 1841ರಲ್ಲಿ ಒಂದಕ್ಕೊಂದು ಕೊಂಡಿಯಂತೆ ಕೂಡಿಕೊಳ್ಳುವ ಹಂಚಿಗೆ ಹಕ್ಕು ಪಡೆದಿದ್ದರು. ಈ ಊರು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರಕ್ಕೆ ಬಹು ಸಮೀಪ. ಅಲ್ಲಿನ ಹಿಮಕ್ಕಾಗಿ ಮತ್ತು ಮಳೆಗಾಗಿ ಹುಟ್ಟಿದ ಉಪಾಯ ಇಲ್ಲಿನ ನೈಋತ್ಯ ಮಳೆಗೆ ಇಷ್ಟು ಚೆನ್ನಾಗಿ ಹೊಂದಿಕೊಂಡದ್ದು ಚರಿತ್ರೆಯ ಸೋಜಿಗಗಳಲ್ಲೊಂದು.

ಈ ಹಂಚಿನ ಗುಟ್ಟು ಸರಳವಾದುದು. ಒಂದು ಪಕ್ಕದ ಅಂಚಿನಲ್ಲಿ ಕಾಲುವೆ, ಇನ್ನೊಂದು ಪಕ್ಕದಲ್ಲಿ ಆ ಕಾಲುವೆಯೊಳಗೆ ಕೂರುವ ಏಣು. ಮೇಲಿನ ಹಂಚಿನ ತುದಿ ಕೆಳಗಿನ ಹಂಚಿನ ತಲೆಯ ಮೇಲೆ ಏರುತ್ತದೆ. ಅಡಿಯಲ್ಲಿರುವ ಗುಬ್ಬಿಗಳು ರೀಪನ್ನು ಕಚ್ಚಿ ಹಿಡಿಯುತ್ತವೆ. ಎರಚಲಿನ ನೀರು ಸಂದಿಗೆ ನುಗ್ಗಿದರೂ ಕಾಲುವೆಯಲ್ಲಿ ಸಿಕ್ಕಿ ಕೆಳಗಿನ ಹಂಚಿನ ಬೆನ್ನ ಮೇಲೆಯೇ ಇಳಿದು ಹೋಗುತ್ತದೆ. ಒಂದೇ ಪದರ ಸಾಕಾಗುವುದರಿಂದ ಮಾಡಿನ ಭಾರ ಇಳಿಯಿತು. ಮರದ ಖರ್ಚೂ ಇಳಿಯಿತು. ಮೊಳೆ ಬೇಡ, ಗಾರೆ ಬೇಡ. ಕೈಯಿಂದ ಎತ್ತಿದರೆ ಬಂತು, ಇಟ್ಟರೆ ಕೂತಿತು. ಒಂದು ಹಂಚು ಒಡೆದರೆ ಆ ಒಂದನ್ನೇ ಬದಲಾಯಿಸಬಹುದು. ದುರಸ್ತಿಯ ಸೌಕರ್ಯವನ್ನು ರಚನೆಯಲ್ಲೇ ಇಟ್ಟುಕೊಂಡು ಹುಟ್ಟಿದ ವಸ್ತುವಿದು.

ಬಾಸೆಲ್ ಮಿಶನ್ನಿನವರು 1882ರಲ್ಲಿ ಕುದ್ರೋಳಿಯಲ್ಲೂ 1886ರಲ್ಲಿ ಮಲ್ಪೆಯಲ್ಲೂ ಕಾರ್ಖಾನೆಗಳನ್ನು ತೆರೆದರು. ಮಲಬಾರಿನ ಕಡೆಗೂ ಉದ್ಯಮ ಹಬ್ಬಿತು. ಅವರ ಹಿಂದೆಯೇ ಊರಿನವರೂ ಮುಂದೆ ಬಂದರು. ನಮ್ಮ ಸಮುದಾಯದ ಆಲ್ಬುಕರ್ಕ್ ಮನೆತನದವರು 1868ರಷ್ಟು ಹಿಂದೆಯೇ ಈ ಉದ್ಯಮಕ್ಕೆ ಕೈಹಾಕಿದ್ದರು. ಕ್ರಮೇಣ ನೇತ್ರಾವತಿ ಮತ್ತು ಫಲ್ಗುಣಿ ನದಿಗಳ ಎರಡೂ ದಂಡೆಗಳಲ್ಲಿ ಚಿಮಿಣಿಗಳು ಎದ್ದುವು. ಮಣ್ಣೂ ಸೌದೆಯೂ ದೋಣಿಯಲ್ಲಿ ಬರುತ್ತಿದ್ದುವು. ಸುಟ್ಟ ಹಂಚು ದೋಣಿಯಲ್ಲೇ ನಮ್ಮ ದಕ್ಕೆಗೆ ಇಳಿದು ಬರುತ್ತಿತ್ತು. ಮಣ್ಣು ಹೊತ್ತವರು, ಹಸಿ ಹಂಚಿನ ಅಂಚು ತಿದ್ದಿದವರು, ಒಣಗಿದ್ದನ್ನು ಗೂಡಿಗೆ ಸಾಗಿಸಿದವರು ಬಹುಮಟ್ಟಿಗೆ ಹೆಂಗಸರು. ಅವರ ಹೆಸರು ಯಾವ ಹಂಚಿನ ಮೇಲೂ ಅಚ್ಚಾಗಿಲ್ಲ. ಅವರ ತಲೆಹೊರೆಯ ದುಡಿಮೆಯಿಂದ ನಮ್ಮ ಎಷ್ಟೋ ಮನೆಗಳಲ್ಲಿ ಒಲೆ ಉರಿಯಿತೆಂಬುದನ್ನು ಇಲ್ಲಿ ದಾಖಲಿಸುವುದು ನ್ಯಾಯ.

ಮಂಗಳೂರಿಗೆ ರೈಲು ಬಂದುದು 1907ರಲ್ಲಿ. ಅದಕ್ಕೂ ಮುನ್ನ, ಆ ಮೇಲೆಯೂ ಬಹುಕಾಲ, ಹಂಚಿನ ಹೆದ್ದಾರಿ ಸಮುದ್ರವೇ. ಮಂಜಿಗಳೂ ಪತ್ತೆಮಾರಿಗಳೂ ಹಂಚನ್ನು ಹೇರಿಕೊಂಡು ಮುಂಬಯಿ, ಕಾಠಿಯಾವಾಡಗಳತ್ತ ಸಾಗಿದುವು. ಸಿಂಹಳ, ಬರ್ಮಾ, ಏಡನ್, ಪೂರ್ವ ಆಫ್ರಿಕದ ತೀರಗಳಿಗೂ ಮಂಗಳೂರು ಹಂಚು ತಲಪಿತು. ಮಳೆಗಾಲದಲ್ಲಿ ಅಳಿವೆಯ ಬಾಯಿ ದಾಟುವುದು ಅಸಾಧ್ಯವಾಗಿ ಬಂದರು ಮುಚ್ಚುತ್ತಿತ್ತು. ಆಗ ಹಡಗಿನವರೂ ಹಮಾಲರೂ ಹಂಚಿನ ಮಾಡಿನ ಕೆಳಗೆ ಕುಳಿತು ಸೆಪ್ಟೆಂಬರನ್ನು ಕಾಯಬೇಕಾಗಿತ್ತು. ಇಂದಿಗೂ ಬಂದರಿನ ಹಳೆಯ ಗೋದಾಮುಗಳ ಉದ್ದನೆಯ ಕೆಂಪು ಮಾಡುಗಳು ಆ ಕಾಲದ ಸಾಕ್ಷಿಗಳಾಗಿ ನಿಂತಿವೆ.

ಮೊದಲ ಮಹಾಯುದ್ಧದಲ್ಲಿ ಜರ್ಮನ್ ಪಾದ್ರಿಗಳು ಬಂಧಿತರಾದರು. ಮಿಶನ್ನಿನ ಉದ್ಯಮಗಳನ್ನು ಸರಕಾರ ವಶಪಡಿಸಿಕೊಂಡಿತು. ಮುಂದೆ ಅವು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಸಂಸ್ಥೆಗೆ ಸೇರಿದುವು. ಹಳೆಯ ಮನೆಗಳ ಮಾಡಿನಡಿಯಲ್ಲಿ ನಿಂತು ತಲೆಯೆತ್ತಿ ನೋಡಿದರೆ ಹಂಚುಗಳ ಮೇಲೆ ಬಾಸೆಲ್ ಮಿಶನ್ ಎಂಬ ಹೆಸರೂ 1865 ಎಂಬ ಇಸವಿಯೂ ಕಾಣಿಸುವುದುಂಟು. ತಮ್ಮ ಮನೆ 1865ರಲ್ಲಿ ಕಟ್ಟಿದ್ದೆಂದು ಇದನ್ನು ತೋರಿಸಿ ಹೆಮ್ಮೆಪಡುವವರಿದ್ದಾರೆ. ಆ ಇಸವಿ ಕಾರ್ಖಾನೆಯ ಸ್ಥಾಪನೆಯದೇ ಹೊರತು ಹಂಚನ್ನು ಸುಟ್ಟ ವರ್ಷದ್ದಲ್ಲ. ಅಚ್ಚಿನ ಮೊದಲ ಪ್ರಯೋಜನ ದುರಸ್ತಿಗೆ. ಒಂದು ಕಾರ್ಖಾನೆಯ ಹಂಚು ಮತ್ತೊಂದರ ಕಾಲುವೆಯಲ್ಲಿ ಸರಿಯಾಗಿ ಕೂರುವುದಿಲ್ಲ. ಬದಲಿ ಹಂಚನ್ನು ತರುವವರು ಹಳೆಯ ಹಂಚಿನ ಬೆನ್ನನ್ನು ಓದಿಕೊಂಡು ಹೋಗಬೇಕು.

ಹಂಚಿನ ಮಾಡಿನ ಪಾಲನೆ

ಹಂಚು ಬಂದ ಮೇಲೆ ವರ್ಷಂಪ್ರತಿ ಹೊದಿಕೆ ಬದಲಾಯಿಸುವ ಕಷ್ಟ ತಪ್ಪಿತು. ವರ್ಷಂಪ್ರತಿ ನೋಡಿಕೊಳ್ಳುವ ಕರ್ತವ್ಯ ತಪ್ಪಲಿಲ್ಲ. ಹಿರಿಯ ಆಚಾರಿಗಳಿಂದಲೂ ಮಾಡಿನ ಕೆಲಸದವರಿಂದಲೂ ಕೇಳಿ ತಿಳಿದ ಕೆಲವು ಮಾತುಗಳನ್ನು ಮುಂದಿನವರ ಉಪಯೋಗಕ್ಕಾಗಿ ಇಲ್ಲಿ ಬರೆದಿಡುತ್ತೇನೆ.

ಮೊದಲನೆಯದಾಗಿ ಇಳಿಜಾರು. ಸುಮಾರು ಮೂವತ್ತು ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚಿನ ಇಳಿಜಾರು ಬೇಕೆಂಬುದು ರೂಢಿ. ಮರ ಉಳಿಸುವ ಆಸೆಯಿಂದ ಇಳಿಜಾರನ್ನು ತಗ್ಗಿಸಿದ ಮನೆಗಳಲ್ಲಿ ಎಷ್ಟು ಹಂಚು ಬದಲಾಯಿಸಿದರೂ ಸೋರಿಕೆ ನಿಲ್ಲದು.

ಎರಡನೆಯದಾಗಿ ಮರ. ಹಂಚಿನ ಆಯುಷ್ಯ ನೂರು ವರ್ಷವನ್ನು ಮೀರಬಹುದು. ಅದನ್ನು ಹೊತ್ತ ರೀಪಿನದು ಅಷ್ಟಿರದು. ನೂರು ಚದರಡಿ ಮಾಡಿಗೆ ಸುಮಾರು ನೂರೈವತ್ತು ಹಂಚು ಬೇಕು. ಹಂಚೊಂದರ ತೂಕ ಎರಡರಿಂದ ಮೂರು ಕಿಲೋಗ್ರಾಂ. ಸಾವಿರ ಚದರಡಿಯ ಮಾಡೆಂದರೆ ಮರದ ಮೇಲೆ ನಾಲ್ಕು ಟನ್ನಿಗೆ ಸಮೀಪದ ಭಾರ. ಇದು ಒಣಗಿದ ಹಂಚಿನ ಲೆಕ್ಕ. ಒಳ್ಳೆಯ ಹಂಚೂ ನೀರು ಹೀರುತ್ತದೆ. ತೂಕದ ಶೇಕಡ 20ರೊಳಗೆ ಇರಬೇಕೆಂದು ಭಾರತೀಯ ಮಾನಕ ಮಿತಿ ಹಾಕಿದೆ. ಎಡೆಬಿಡದ ಮಳೆಯಲ್ಲಿ ನೆನೆದ ಮಾಡು ನೂರಾರು ಕಿಲೋಗ್ರಾಂ ಹೆಚ್ಚು ತೂಗುತ್ತದೆ. ಗೆದ್ದಲು ಟೊಳ್ಳಾಗಿಸಿದ ಪಕ್ಕಾಸು ಬೇಸಿಗೆಯಲ್ಲಿ ನಿಂತು ಆಟಿ ತಿಂಗಳಲ್ಲಿ ಮುರಿಯುವುದು ಇದಕ್ಕಾಗಿಯೇ. ಕಿರಾಲುಬೋಗಿ, ಹಲಸು, ಬಲಿತ ತಾಳೆ ಮುಂತಾದ ಮರಗಳನ್ನು ಹಿರಿಯರು ಆರಿಸುತ್ತಿದ್ದರು. ಗೋಡೆಯ ಮೇಲೆ ಕೂರುವ ಮರದ ತುದಿಗಳಿಗೆ ಗೇರುಬೀಜದ ಸಿಪ್ಪೆಯ ಎಣ್ಣೆಯನ್ನು ಬಳಿಯುತ್ತಿದ್ದರು. ಬೆರಳಿನಿಂದ ತಟ್ಟಿದಾಗ ಮರ ಬೊಳ್ಳೆನ್ನುವುದೇ, ಅದರಡಿಯಲ್ಲಿ ಹಿಟ್ಟಿನಂತಹ ಪುಡಿ ಉದುರಿದೆಯೇ ಎಂದು ವರ್ಷಕ್ಕೊಮ್ಮೆ ನೋಡಬೇಕು.

ಮೂರನೆಯದಾಗಿ ಸೋರಿಕೆಯನ್ನು ಹುಡುಕುವ ಕ್ರಮ. ನೆಲದ ಮೇಲೆ ಹನಿ ಬಿದ್ದ ಜಾಗದ ನೇರ ಮೇಲೆ ಹಂಚು ಒಡೆದಿರುತ್ತದೆಂದು ತಿಳಿಯಬಾರದು. ನೀರು ಪಕ್ಕಾಸಿನ ಹೊಟ್ಟೆಗುಂಟ ಬಹುದೂರ ಹರಿದು ಬಂದು ಎಲ್ಲಿಯೋ ತೊಟ್ಟಿಕ್ಕುತ್ತದೆ. ಬೇಸಿಗೆಯ ಹಗಲಿನಲ್ಲಿ ಬಾಗಿಲು ಕಿಟಕಿಗಳನ್ನು ಮುಚ್ಚಿ ಒಳಗಿನಿಂದ ಮೇಲೆ ನೋಡಿದರೆ ಬಿಸಿಲಿನ ಕಣ್ಣು ಕಾಣುವಲ್ಲೆಲ್ಲ ನೀರಿನ ದಾರಿಯಿದೆ. ಮಳೆಗಾಲದ ನಡುವೆ ಹಂಚು ಜಾರಿದರೆ, ಏಣಿ ಹಾಕಿ ಒಳಗಿನಿಂದಲೇ ಮೇಲಿನ ಹಂಚನ್ನು ತುಸು ಎತ್ತಿ, ಒಡೆದುದನ್ನು ತೆಗೆದು ಹೊಸದನ್ನು ತೂರಿಸಬಹುದು. ಒದ್ದೆ ಮಾಡಿನ ಮೇಲೆ ಹತ್ತುವ ಸಾಹಸ ಬೇಡ. ಮರದ ಮುಚ್ಚಿಗೆಯಿರುವ ಕೋಣೆಗಳಲ್ಲಿ ಈ ಸೌಕರ್ಯವಿಲ್ಲ. ಅಲ್ಲಿ ಸೋರಿಕೆ ಗುಟ್ಟಾಗಿ ಬೆಳೆದು, ಮುಚ್ಚಿಗೆಯ ಹಲಗೆ ಕಪ್ಪಾದಾಗಲೇ ಬಯಲಾಗುತ್ತದೆ.

ನಾಲ್ಕನೆಯದಾಗಿ, ಎರಡು ಮಾಡುಗಳು ಕೂಡುವ ಮೂಲೆಯ ತಗಡಿನ ದೋಣಿ. ತರಗೆಲೆ, ಹೂವು, ಕಾಗೆಗೂಡಿನ ಕಡ್ಡಿಗಳು ಅಲ್ಲಿ ಸೇರಿ ನೀರನ್ನು ಕಟ್ಟುತ್ತವೆ. ಸೋರುವ ಮಾಡುಗಳಲ್ಲಿ ಬಹಳಷ್ಟು, ಹಂಚಿನ ದೋಷದಿಂದಲ್ಲ, ಈ ಮೂಲೆಯ ಅಲಕ್ಷ್ಯದಿಂದ ಸೋರುತ್ತವೆ. ಮಾಡಿನ ನೆತ್ತಿಯಲ್ಲಿ ಕವುಚಿ ಹಾಕುವ ಹಂಚುಗಳನ್ನು ಹಿಂದೆ ಚಿಪ್ಪಿನ ಸುಣ್ಣದ ಗಾರೆಯಲ್ಲಿ ಕೂರಿಸುತ್ತಿದ್ದರು. ಇಂದಿನ ಸಿಮೆಂಟು ಹೆಚ್ಚು ಗಟ್ಟಿ. ಮರ ಉಬ್ಬಿ ಕುಗ್ಗುವಾಗ ಬಾಗಲಾರದೆ ಅದು ಬಿರುಕು ಬಿಡುತ್ತದೆ. ಆ ಬಿರುಕುಗಳನ್ನೂ ವರ್ಷವರ್ಷ ನೋಡಬೇಕು.

ಹಂಚು ಕೈಯಾಡಿಸುವುದೆಂದರೆ ಇಡೀ ಮಾಡಿನ ಹಂಚುಗಳನ್ನು ಸಾಲಾಗಿ ಎತ್ತಿ, ಪಾಚಿ ಉಜ್ಜಿ, ಕಾಲುವೆಗಳ ಕಸ ತೆಗೆದು, ಒಡೆದುದನ್ನು ಬೇರ್ಪಡಿಸಿ ಮರಳಿ ಕೂರಿಸುವುದು. ಬೆರಳ ಗೆಣ್ಣಿನಿಂದ ತಟ್ಟಿದರೆ ಗಟ್ಟಿ ಹಂಚು ಕಂಚಿನಂತೆ ದನಿ ಕೊಡುತ್ತದೆ. ಬಿರುಕು ಬಿಟ್ಟದ್ದು ಮಂಕಾಗಿ ನುಡಿಯುತ್ತದೆ. ಬಲ್ಲವರು ಕಾಲಿಡುವುದು ಕೆಳಗೆ ರೀಪು ಇರುವಲ್ಲಿ ಮಾತ್ರ. ಹಂಚಿನ ನಡುವೆ ಕಾಲಿಟ್ಟು ನಡೆದವನು ಒಂದು ಸೋರಿಕೆಯನ್ನು ಮುಚ್ಚಿ ಹತ್ತನ್ನು ತೆರೆದು ಬರುತ್ತಾನೆ.

ಇವೆಲ್ಲವೂ ಚಿಕ್ಕ ಕೆಲಸಗಳೇ. ಆದರೆ ಒಂದು ಹನಿಯ ಶಕ್ತಿಯನ್ನು ಅಲ್ಪವೆಂದು ತಿಳಿಯಬಾರದು. ಸಂತ ಅಲೋಶಿಯಸ್ ಕಾಲೇಜಿನ ದೇವಾಲಯದಲ್ಲಿ ಇಟಲಿಯ ಜೆಸ್ವಿತ್ ಸಹೋದರ ಅಂತೋನಿಯೋ ಮೊಸ್ಕೇನಿಯವರು 1899ರಿಂದ 1901ರವರೆಗೆ ಬಿಡಿಸಿದ ಚಿತ್ರಗಳನ್ನು ಕಾಣದ ಮಂಗಳೂರಿಗರಿಲ್ಲ. ಗೋಡೆಯ ಸುಣ್ಣದ ಮೇಲೂ ಮೇಲ್ಚಾವಣಿಯ ಬಟ್ಟೆಯ ಮೇಲೂ ಮೂಡಿದ ಆ ಕಲಾಕೃತಿಗಳ ಬಾಳು ಅವುಗಳ ಮೇಲಿರುವ ಮಾಡಿನ ಕೈಯಲ್ಲಿದೆ. 1990ರ ದಶಕದ ಮೊದಲ ವರ್ಷಗಳಲ್ಲಿ ಇಂಟಾಕ್ ಸಂಸ್ಥೆಯ ತಜ್ಞರು ಬಹು ಪರಿಶ್ರಮದಿಂದ ಅವುಗಳನ್ನು ಜೀರ್ಣೋದ್ಧಾರಗೊಳಿಸಿದರು. ಅಂತಹ ಚಿತ್ರಗಳಿಗೆ ತಜ್ಞರು ಬರುತ್ತಾರೆ. ಅಜ್ಜಿಯ ಮಂಚದ ಮೇಲೆ ಬೀಳುವ ಹನಿಗೆ ಯಾರು ಬರುತ್ತಾರೆ?

ಇಂದಿನ ಸ್ಥಿತಿ

1974ರಲ್ಲಿ ಪಣಂಬೂರಿನ ನವಮಂಗಳೂರು ಬಂದರು ಪ್ರಮುಖ ಬಂದರೆಂದು ಘೋಷಿತವಾದ ಮೇಲೆ ನಮ್ಮ ಹಳೆಯ ಬಂದರಿನ ಹಡಗು ವ್ಯವಹಾರ ಮೊದಲಿನಂತೆ ಉಳಿಯಲಿಲ್ಲ. ಹಂಚಿನ ಉದ್ಯಮವೂ ಒಳ್ಳೆಯ ಮಣ್ಣು ಮತ್ತು ಸೌದೆಗಳ ಅಭಾವದಿಂದಲೂ ಕಾಂಕ್ರೀಟಿನ ಪೈಪೋಟಿಯಿಂದಲೂ ಕುಗ್ಗಿತು. ಹಲವು ಚಿಮಿಣಿಗಳು ಒಂದೊಂದಾಗಿ ತಣ್ಣಗಾದುವು. ಈಗ ಹಳೆಯ ಅಚ್ಚಿನ ಹಂಚು ಬೇಕಾದವರು ಕೆಡವಿದ ಮನೆಗಳ ಸಾಮಾನು ಮಾರುವಲ್ಲಿ ಹುಡುಕಬೇಕಾಗಿದೆ.

ಕಾಂಕ್ರೀಟು ಬಂದಾಗ ಜನರು ಅದನ್ನು ಸಂತೋಷದಿಂದ ಸ್ವಾಗತಿಸಿದ್ದು ಸಹಜ. ಮೇಲೇರುವ ಕಷ್ಟವಿಲ್ಲ, ಕಳ್ಳರ ಭಯವಿಲ್ಲ, ಮಾಡಿನ ಚಿಂತೆ ಇನ್ನಿಲ್ಲವೆಂದು ಅವರು ನಂಬಿದರು. ಅನುಭವ ಬೇರೆಯೇ ಪಾಠ ಕಲಿಸಿತು. ಸಮತಟ್ಟಾದ ತಾರಸಿ ಬಿಸಿಲಿಗೆ ಹಿಗ್ಗಿ ಮಳೆಗೆ ಕುಗ್ಗಿ ಕೂದಲೆಳೆಯ ಬಿರುಕು ಬಿಡುತ್ತದೆ. ಅದರಲ್ಲಿ ಇಳಿದ ನೀರೂ ಕಡಲ ಉಪ್ಪೂ ಒಳಗಿನ ಕಬ್ಬಿಣವನ್ನು ತುಕ್ಕು ಹಿಡಿಸುತ್ತವೆ. ತುಕ್ಕು ಉಬ್ಬಿ ಕಾಂಕ್ರೀಟಿನ ಹೊಪ್ಪಳೆಗಳನ್ನು ಕೆಳಗೆ ಬೀಳಿಸುತ್ತದೆ. ಇಂದು ನಗರದ ಯಾವ ಬೀದಿಯಲ್ಲಿ ನಿಂತು ನೋಡಿದರೂ ತಾರಸಿಗಳ ಮೇಲೆ ಕಬ್ಬಿಣದ ಚೌಕಟ್ಟು ನಿಲ್ಲಿಸಿ ತಗಡಿನ ಶೀಟುಗಳ ಇಳಿಜಾರು ಮಾಡನ್ನು ಹೊದಿಸಿರುವುದು ಕಣ್ಣಿಗೆ ಬೀಳುತ್ತದೆ. ಎಂದರೆ ಮಳೆಗೆ ತಲೆಬಾಗಲು ಒಪ್ಪದೆ ಕಟ್ಟಿದ ಮನೆಗಳೂ ಕೊನೆಗೆ ಅಜ್ಜಂದಿರ ಇಳಿಜಾರಿಗೆ ಶರಣಾದುವು. ಆ ಶೀಟಾದರೂ ಶಾಶ್ವತವಲ್ಲ. ಅದರ ತಿರುಪುಗಳು ಸಡಿಲವಾಗುತ್ತವೆ, ಗಾಳಿಯು ಇಡೀ ಶೀಟನ್ನೇ ಎತ್ತಿ ಎಸೆಯಬಲ್ಲುದು.

ಹಾಗೆಂದು ಹಳೆಯದೆಲ್ಲ ಚಿನ್ನವೆಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ಮಡಲಿನ ಮಾಡಿನಡಿಯಲ್ಲಿ ರಾತ್ರಿಯಿಡೀ ಪಾತ್ರೆಗಳನ್ನು ಸರಿಸುತ್ತ ಕುಳಿತ ತಾಯಂದಿರಿಗೆ ಹಂಚು ದೊಡ್ಡ ಬಿಡುಗಡೆಯಾಗಿತ್ತು. ಹತ್ತಲು ಆಗದವರಿಗೆ ಕಾಂಕ್ರೀಟು ಬಿಡುಗಡೆಯಂತೆ ಕಂಡಿತು. ಆದರೆ ಪಾಲನೆಯನ್ನು ಬೇಡದ ಮಾಡನ್ನು ಮನುಷ್ಯನು ಇನ್ನೂ ಕಟ್ಟಿಲ್ಲ. ನಾವು ಕಳೆದುಕೊಂಡದ್ದು ಹುಲ್ಲನ್ನಲ್ಲ, ಮುಯ್ಯಾಳನ್ನು. ಹುಲ್ಲಿನ ಮಾಡು ಕೇರಿಯವರೆಲ್ಲರ ಕೆಲಸವಾಗಿತ್ತು. ಹಂಚಿನ ಮಾಡು ಇಬ್ಬರು ಮೂವರು ಕೆಲಸದವರದಾಯಿತು. ಇಂದು ಆ ಇಬ್ಬರು ಮೂವರೂ ಮುದುಕರಾಗಿದ್ದಾರೆ. ಅವರ ಮಕ್ಕಳು ಬೇರೆ ಉದ್ಯೋಗಗಳನ್ನು ಹಿಡಿದಿದ್ದಾರೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ರೀಪಿನ ಮೇಲೆ ಕಾಲಿಟ್ಟು ನಡೆಯಬಲ್ಲವರು ಹತ್ತು ವರ್ಷಗಳಲ್ಲಿ ಎಷ್ಟು ಮಂದಿ ಉಳಿದಾರು?

ಪ್ರಿಯ ವಾಚಕರೇ, ಬಂದರಿನ ಓಣಿಗಳಲ್ಲಿ ಇಂದಿಗೂ ಹಂಚಿನ ಮನೆಗಳಿವೆ. ಅವುಗಳಲ್ಲಿ ಹಲವು ಮನೆಗಳ ಮಕ್ಕಳು ಮುಂಬಯಿಯಲ್ಲೋ ಬೆಂಗಳೂರಿನಲ್ಲೋ ಕೊಲ್ಲಿ ರಾಷ್ಟ್ರಗಳಲ್ಲೋ ನೆಲಸಿದ್ದಾರೆ. ಒಳಗೆ ಇರುವವರು ಎಪ್ಪತ್ತು ಎಂಬತ್ತು ದಾಟಿದ ತಂದೆತಾಯಂದಿರು. ಮಕ್ಕಳು ಹಣವನ್ನು ತಪ್ಪದೆ ಕಳುಹಿಸುತ್ತಾರೆ. ಹಣವಿದ್ದರೂ ಏಣಿ ಹತ್ತುವ ಕಾಲು ಸಿಕ್ಕುವುದಿಲ್ಲ. ಒಂದು ಹಂಚು ಜಾರುತ್ತದೆ, ರೀಪು ನೆನೆಯುತ್ತದೆ, ಎರಡು ಮಳೆಗಾಲದಲ್ಲಿ ಪಕ್ಕಾಸಿನ ತುದಿ ಕೊಳೆಯುತ್ತದೆ, ಮೂರನೆಯದರಲ್ಲಿ ಗೋಡೆಯ ತಲೆ ಕರಗುತ್ತದೆ. ಆಮೇಲೆ ಮನೆ ವಾಸಕ್ಕೆ ಯೋಗ್ಯವಲ್ಲವೆಂದು ಎಲ್ಲರೂ ಹೇಳುತ್ತಾರೆ, ಮುದುಕರನ್ನು ಬೇರೆಲ್ಲಿಗೋ ಸಾಗಿಸುತ್ತಾರೆ. ಸಕಾಲದಲ್ಲಿ ಒಬ್ಬನು ಅರ್ಧ ಗಂಟೆ ಮೇಲೇರಿದ್ದರೆ ಉಳಿಯುತ್ತಿದ್ದ ಮನೆಗಳು ಹೀಗೆ ಬಿದ್ದುಹೋಗಿವೆ.

ಆದುದರಿಂದ ಶತಮಾನೋತ್ಸವದ ಸ್ಮರಣೆಗಾಗಿ ನಾವು ಕೈಗೊಳ್ಳುವ ಕಾರ್ಯಗಳಲ್ಲಿ ಇದೊಂದೂ ಸೇರಲೆಂಬುದು ನನ್ನ ಅರಿಕೆ. ಪ್ರತಿಯೊಂದು ವಾರ್ಡಿನ ಯುವಕರು, ವೃದ್ಧರು ಒಂಟಿಯಾಗಿರುವ ಹಂಚಿನ ಮನೆಗಳ ಪಟ್ಟಿಯನ್ನು ಮತಭೇದವೆಣಿಸದೆ ಸಿದ್ಧಪಡಿಸಲಿ. ಊರಿನಲ್ಲಿ ಉಳಿದಿರುವ ಅನುಭವಸ್ಥ ಕೆಲಸದವರ ಜೊತೆಯಲ್ಲಿ ಇಬ್ಬಿಬ್ಬರು ಯುವಕರು ಒಂದು ಬೇಸಿಗೆ ಕಳೆದು, ತಕ್ಕ ಎಚ್ಚರಿಕೆಯೊಂದಿಗೆ, ಆ ವಿದ್ಯೆಯನ್ನು ಕಲಿಯಲಿ. ಕಲಿಸುವವರಿಗೆ ನ್ಯಾಯವಾದ ಸಂಬಳ ಸಲ್ಲಲಿ. ಕೆಡವಿದ ಮನೆಗಳ ಒಳ್ಳೆಯ ಹಂಚುಗಳನ್ನು ಅಚ್ಚು ನೋಡಿ ವಿಂಗಡಿಸಿ ಇಗರ್ಜಿಯ ಆವರಣದ ಒಂದು ಮೂಲೆಯಲ್ಲಿ ಪೇರಿಸಿಡಬಹುದು. ಈಸ್ಟರ್ ಹಬ್ಬ ಕಳೆದ ಬಳಿಕ ಕೆಲಸ ಆರಂಭಿಸಿದರೆ ಮೇ ತಿಂಗಳ ಮೊದಲ ವಾರಗಳಲ್ಲಿ ಮುಗಿಸಬಹುದು. ಪತ್ತನಾಜೆಯವರೆಗೆ ಕಾಯುವುದು ಈಗ ಕ್ಷೇಮವಲ್ಲ. 2021ರಲ್ಲಿ ತೌಕ್ತೆ ಚಂಡಮಾರುತ ನಮ್ಮ ತೀರವನ್ನು ತಟ್ಟಿದ್ದು ಮೇ ತಿಂಗಳ ಮಧ್ಯದಲ್ಲಿ. ಪತ್ತನಾಜೆಗೆ ಆಗ ಇನ್ನೂ ಒಂದು ವಾರಕ್ಕಿಂತ ಹೆಚ್ಚು ಸಮಯವಿತ್ತು.

ಕಲ್ಲಿನ ಮೇಲೆ ಹೆಸರು ಕೆತ್ತಿಸಿದ ಸ್ಮಾರಕಗಳು ಅನೇಕವಿವೆ. ಮುಂಬರುವ ಆಟಿ ತಿಂಗಳ ಒಂದು ರಾತ್ರಿ ಗಾಳಿಮಳೆಯ ಆರ್ಭಟದಲ್ಲಿ ನಮ್ಮ ಓಣಿಯ ಒಬ್ಬ ಅಜ್ಜಿ ಹಾಸಿಗೆ ಸರಿಸದೆ, ಪಾತ್ರೆ ಹುಡುಕದೆ ಬೆಳಗಿನವರೆಗೆ ನಿದ್ರಿಸಿದರೆ ಅದೂ ಈ ಶತಮಾನೋತ್ಸವಕ್ಕೆ ತಕ್ಕ ಸ್ಮಾರಕವಾದೀತೆಂದು ನಾನು ನಂಬಿದ್ದೇನೆ.